ಬಲಗೈಗೆ ಒಬ್ಬ ಸಾಕ್ಷಿ

ವಾರನ್ ಕೌಂಟಿ, ಮಿಸಿಸಿಪ್ಪಿ
೬ ಫೆಬ್ರವರಿ ೧೮೮೮

ಪ್ರೀತಿಯ ಕೇಟೋ,

ಒಂಬತ್ತು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನೀನು ಗಂಟುಮೂಟೆ ಕಟ್ಟಿಕೊಂಡು ಕಾನ್ಸಾಸಿಗೆ ಹೊರಟ ದಿನ ದೋಣಿಕಟ್ಟೆಯಲ್ಲಿ ನಿಂತು, ತಪ್ಪದೆ ಬರೆಯೋಣ ಎಂದುಕೊಂಡಿದ್ದೆವು. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನನಗಾದರೆ ಬಲಗೈ ಇಲ್ಲ ಎಂಬ ನೆಪವಿದೆ. ನಿನ್ನ ನೆಪ ಯಾವುದೋ ನೀನೇ ಹುಡುಕಿಕೊ. ಇದನ್ನು ಬರೆಯುತ್ತಿರುವವಳು ನನ್ನ ದೊಡ್ಡ ಮಗಳು ಮಿಂಟಾ. ಹದಿನಾರು ತುಂಬಿದೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನಿನ್ನ ಉತ್ತರವನ್ನೂ ಅವಳೇ ಓದಿ ಹೇಳುತ್ತಾಳೆ. ಅದನ್ನು ನೆನಪಿಟ್ಟುಕೊಂಡು ಬರೆ.

ವಿಷಯಕ್ಕೆ ಬರುತ್ತೇನೆ. ನಮ್ಮನ್ನು ಗುಲಾಮಗಿರಿಯಿಂದ ಬಿಡಿಸಿದ ಯುದ್ಧದಲ್ಲಿ ಕೈ ಕಳೆದುಕೊಂಡದ್ದಕ್ಕೆ ಪಿಂಚಣಿ ಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದೆ. ಎರಡು ವರ್ಷ ಕಾಯಿಸಿ ತಿರುಗಿಸಿ ಕಳಿಸಿದ್ದಾರೆ. ದಂಡಿನ ಡಾಕ್ಟರು ಅಂದು ತನ್ನ ಪುಸ್ತಕದಲ್ಲಿ, "ಐಶಮ್ ಡಾರ್ಡನ್, ತನ್ನದೇ ಬಂದೂಕು ಹಾರಿ ಬಲಗೈ ಹೋಗಿದೆ, ಯುದ್ಧ ತಪ್ಪಿಸಿಕೊಳ್ಳಲು ಬೇಕೆಂದೇ ಹಾರಿಸಿಕೊಂಡಿರಬಹುದು" ಎಂದು ಬರೆದಿದ್ದಾನಂತೆ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಪುಸ್ತಕ, ಇನ್ನೂ ಜೋಪಾನವಾಗಿದೆ. ನನ್ನ ಕೈಯೇ ಇಷ್ಟು ದಿನ ಬಾಳಲಿಲ್ಲ.

ಅದು ಸುಳ್ಳೆಂದು ಹೇಳಲು ಜೊತೆಗಿದ್ದ ಸಿಪಾಯಿಯೊಬ್ಬನ ಸಾಕ್ಷಿ ಬೇಕಂತೆ. ಆ ಬೆಳಗ್ಗೆ ಅಲ್ಲಿದ್ದವನು ನೀನೊಬ್ಬನೇ.

ಮೊಣಕೈ ಕೆಳಗೆ ಉಳಿದ ತುಂಡಿನಲ್ಲಿ ಈ ಚಳಿಗಾಲ ಮತ್ತೆ ಕೀವು ಕಟ್ಟಿದೆ. ಊರಿನ ಡಾಕ್ಟರು ನೋಡಿ ಮದ್ದೂ ಕೊಡದೆ ಟೋಪಿ ಹಾಕಿಕೊಂಡು ಹೋದ. ನಾನು ಈ ಗಾಯದಿಂದಲೇ ಹೋದರೆ ಕೆಜಾಯಾಗೆ ವಿಧವೆಯ ಪಿಂಚಣಿ ಬರಬೇಕು. ಆದರೆ ಗಾಯ ನಾನೇ ಮಾಡಿಕೊಂಡದ್ದೆಂದು ಪುಸ್ತಕದಲ್ಲಿರುವವರೆಗೆ ಅವಳಿಗೂ ಇಲ್ಲ, ಮಕ್ಕಳು ಐವರಿಗೂ ಇಲ್ಲ. ಅವಳು ಬಿಳಿಯರ ಮನೆಗಳ ಬಟ್ಟೆ ಒಗೆದು ಒಗೆದು ಬೆರಳ ಸಂದಿಯೆಲ್ಲ ಸೋಪಿನ ಖಾರಕ್ಕೆ ಸುಲಿದುಹೋಗಿದೆ. ನನಗಾಗಿ ಕೇಳುತ್ತಿಲ್ಲ ಕೇಟೋ.

ನಮ್ಮ ಹೇಸರಗತ್ತೆ ಚೆನ್ನಾಗಿದೆ. ನಿನ್ನಷ್ಟೇ ಹಟಮಾರಿ.

ನಿನ್ನ
ಐಶಮ್

(ಕೇಟೋ ಮಾವ, ಹೇಸರಗತ್ತೆಯ ಮಾತಿಗೆ ಮುಂಚೆ ಅಪ್ಪ "ಇನ್ನೊಂದು ಬರೆ" ಅಂದು ನಿಲ್ಲಿಸಿದರು. ಇನ್ನೇನು ಬರೆಯಲಿ ಎಂದು ಕೇಳಿದೆ. "ಇನ್ನೇನಿಲ್ಲ, ಹೇಸರಗತ್ತೆ ವಿಷಯ ಹಾಕು" ಅಂದರು. ಮಿಂಟಾ.)


ಕಾನಾನ್ ಪೇಟೆ, ಕಾನ್ಸಾಸ್
೧೧ ಮಾರ್ಚ್ ೧೮೮೮

ಪ್ರಿಯ ಗೆಳೆಯ ಐಶಮ್,

ನಿನ್ನ ಕಾಗದ ತಲುಪಿತು. ದೇವರ ದಯದಿಂದ ನಾನೂ ಹೆಂಡತಿ ರೋಡಾಳೂ ಕ್ಷೇಮ. ಬಂದ ಹೊಸದರಲ್ಲಿ ನೆಲ ಕೊರೆದು ಗುಂಡಿಯಲ್ಲಿ ವಾಸವಿದ್ದೆವು, ಈಗ ಹಲಗೆ ಮನೆ. ಇಲ್ಲಿ ಗಾಳಿ ಒಂದೇ ವೈರಿ. ಊರಿನವರು ನನ್ನನ್ನು ಚರ್ಚಿನ ಹಿರಿಯನನ್ನಾಗಿ ಮಾಡಿದ್ದಾರೆ, ಮುಂದಿನ ಬೆಂಚಿನಲ್ಲಿ ಎಡಗಡೆ ನನ್ನ ಜಾಗ. ಮೇ ತಿಂಗಳಲ್ಲಿ ಸಿಪಾಯಿಗಳ ಸಮಾಧಿಗೆ ಹೂವಿಡುವ ದಿನ ಮೆರವಣಿಗೆಯ ಬಾವುಟ ಹಿಡಿಯುವವನೂ ನಾನೇ. ದಂಡಿನ ನೀಲಿ ಕೋಟು ಇನ್ನೂ ಹಿಡಿಸುತ್ತದೆ, ಗುಂಡಿ ಮಾತ್ರ ಹಾಕಲಾಗುವುದಿಲ್ಲ.

ನಿನ್ನ ಸಾಕ್ಷಿಯನ್ನು ಬರೆದು, ಪ್ರಮಾಣ ಮಾಡಿ, ವಾಷಿಂಗ್ಟನ್ನಿಗೆ ಕಳಿಸಿದ್ದೇನೆ. ೧೮೬೪ರ ಮಾರ್ಚಿನಲ್ಲಿ ಹೊಳೆದಂಡೆಯ ಪೊದೆಗಳ ಕಡೆಯಿಂದ ಶತ್ರುಗಳ ಗುಂಡು ಬಂತು, ಐಶಮ್ ಡಾರ್ಡನ್ನನ ಬಲಗೈಗೆ ತಾಗಿದ್ದನ್ನು ಕಣ್ಣಾರೆ ಕಂಡೆ ಎಂದು ಬರೆದಿದ್ದೇನೆ. ಸರ್ಕಾರಕ್ಕೆ ಹೋಗುವ ಯಾವ ಕಾಗದವನ್ನೂ ಸಭೆಯ ಮುಂದೆ ಗಟ್ಟಿಯಾಗಿ ಓದದೆ ನಮ್ಮೂರಿನಲ್ಲಿ ಯಾರೂ ಸಾಕ್ಷಿ ರುಜು ಹಾಕುವುದಿಲ್ಲ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ದಕ್ಷಿಣದಲ್ಲಿ ಹೊಲ ಹಸು ಕಳೆದುಕೊಂಡು ಬಂದವರೇ ಇಲ್ಲಿ ಎಲ್ಲರೂ. ಹಾಗಾಗಿ ಭಾನುವಾರ ಪ್ರಾರ್ಥನೆಯ ಮೇಲೆ ನಿಂತು ಓದಿದೆ. ಓದಿ ಮುಗಿಸಿದಾಗ ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಚಪ್ಪಾಳೆ ತಟ್ಟಿದರು.

ಇದರಿಂದ ನಿನಗೆ ಒಳ್ಳೆಯದಾಗಲಿ. ಬೇರೇನೂ ಬರೆಯಲು ತೋಚುತ್ತಿಲ್ಲ.

ಇತಿ
ಕೇಟೋ ರಾಂಡಲ್


ವಾರನ್ ಕೌಂಟಿ
೨೦ ಏಪ್ರಿಲ್ ೧೮೮೮

ಕೇಟೋ,

ಪಿಂಚಣಿಯವರ ಕಡೆಯಿಂದ ತನಿಖೆಯ ಸಾಹೇಬ ಬಂದಿದ್ದ. ಬಿಳಿಯ, ಕೆಂಪು ಮೀಸೆ, ಚೀಲದ ತುಂಬ ಕಾಗದ. ನಮ್ಮ ಜಗಲಿಯಲ್ಲಿ ಕೂತು ಕೆಜಾಯಾ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು ಆಮೇಲೆ ಶುರುಮಾಡಿದ.

"ಆ ವಾರ ಮೂರು ಮೈಲಿಯೊಳಗೆ ಶತ್ರುವಿನ ಒಂದು ನರಪಿಳ್ಳೆನೂ ಇರ್ಲಿಲ್ಲ. ದಂಡಿನ ದಿನಚರೀಲಿದೆ. ನಿನ್ನ ಗೆಳೆಯನಿಗೆ ಎಲ್ಲಿ ಕಾಣಿಸ್ತು?"

"ಅವನ ಕಣ್ಣು ತುಂಬ ಚೆನ್ನಾಗಿದೆ ಸ್ವಾಮಿ" ಅಂದೆ.

"ತಮಾಷೆ ಬೇಡ. ನೀನು ಅವತ್ತು ಹೇಳಿದ್ದು ಒಂದು, ಅವನು ಈಗ ಹೇಳ್ತಿರೋದು ಇನ್ನೊಂದು. ಹೊಡೆದೋರು ಯಾರು?"

"ಮಂಜು ದಟ್ಟವಾಗಿತ್ತು ಸ್ವಾಮಿ."

ಅದನ್ನೂ ಬರೆದುಕೊಂಡ. ಅಲ್ಲಿಂದ ಎದ್ದು ಬೀದಿಯ ಮನೆಮನೆಗೂ ಹೋಗಿ, ಐಶಮ್ ಕುಡೀತಾನಾ, ಹೆದರುಪುಕ್ಕಲನಾ, ಕೈ ಬಗ್ಗೆ ಏನಾದರೂ ಹೇಳಿಕೊಂಡಿದ್ದಾನಾ ಎಂದು ಕೇಳಿದ. ನಾನು ಜಗಲಿಯಲ್ಲೇ ಕೂತಿದ್ದೆ. ಯಾರ್ಯಾರು ಬಾಗಿಲು ತೆಗೆದು ನನ್ನ ಕಡೆ ನೋಡಿ ಮಾತಾಡಿದರು, ಯಾರ್ಯಾರು ನನ್ನ ಕಡೆ ನೋಡದೆ ಮಾತಾಡಿದರು, ಎಲ್ಲ ಕಾಣಿಸುತ್ತಿತ್ತು. ನಾಚಿಕೆಯಿಂದ ಒಳಗೆ ಹೋಗೋಣವೆಂದರೆ, ಒಳಗೆ ಹೆಂಡತಿ ಇದ್ದಳು.

ಇಲ್ಲಿಗೆ ಬಿಟ್ಟುಬಿಡು. ಇನ್ನು ಏನೂ ಬರೆಯಬೇಡ, ನಿನಗೂ ತೊಂದರೆಯಾದೀತು. ನಾನು ಕೇಳಿದ್ದೇ ತಪ್ಪಾಯಿತು.

ಐಶಮ್


ವಾರನ್ ಕೌಂಟಿ
೨೨ ಏಪ್ರಿಲ್ ೧೮೮೮

ಕೇಟೋ ಮಾವನಿಗೆ,

ಇದು ಅಪ್ಪ ಹೇಳಿ ಬರೆಸಿದ್ದಲ್ಲ. ಅವರಿಗೆ ಗೊತ್ತಿಲ್ಲ. ಅಂಚೆ ಚೀಟಿಯ ಕಾಸು ನನ್ನದೇ, ಚಿಕ್ಕಮಕ್ಕಳಿಗೆ ಅಕ್ಷರ ಹೇಳಿಕೊಟ್ಟು ಸಂಪಾದಿಸಿದ್ದು.

ನಾನು ಒಂದೇ ಮಾತು ಕೇಳಬೇಕು. ನಮ್ಮಪ್ಪ ತಮ್ಮ ಕೈಗೆ ತಾವೇ ಗುಂಡು ಹೊಡೆದುಕೊಂಡರಾ?

ಸಣ್ಣವಳಿದ್ದಾಗ ಶಾಲೆಯಲ್ಲಿ ಹುಡುಗರು ಬಲಗೈಯನ್ನು ಅಂಗಿತೋಳಿನೊಳಗೆ ಎಳೆದುಕೊಂಡು, "ಡುಂ, ಅಯ್ಯೋ ನನ್ನ ಕೈ, ಮನೆಗೆ ಕಳಿಸಿ ಕ್ಯಾಪ್ಟನ್ನರೇ" ಎಂದು ಕುಣಿಯುತ್ತಿದ್ದರು. ನಾನು ಮನೆಗೆ ಬಂದು ಅಪ್ಪನನ್ನು ಕೇಳಿದ್ದೆ. ಅವರು, "ಅವರ ಆಟ ಅವರು ಆಡ್ಲಿ ಬಿಡು" ಅಂದಿದ್ದರು. ಅಲ್ಲ ಎಂದು ಹೇಳಲಿಲ್ಲ. ಅವತ್ತಿನಿಂದ ಪೇಟೆಯಲ್ಲಿ ಅಪ್ಪನ ಬಲಗಡೆ ನಡೆಯುವುದನ್ನು ಬಿಟ್ಟೆ. ಬೇಕೆಂದೇ ಬಿಟ್ಟೆ ಮಾವ. ಅದು ಅವರಿಗೂ ಗೊತ್ತಿದೆ ಅಂತ ಕಾಣುತ್ತದೆ, ಏಕೆಂದರೆ ಈಗ ಅವರೇ ಮುಂದೆ ಹೋಗಿಬಿಡುತ್ತಾರೆ.

ನಿಮ್ಮ ಸಾಕ್ಷಿ ಸುಳ್ಳೆಂದು ಸಾಹೇಬನಿಗೆ ಗೊತ್ತಾಗಿದೆ. ನನಗೂ ಗೊತ್ತಾಯಿತು. ಅಪ್ಪ ಹೊಡೆದುಕೊಂಡದ್ದೇ ನಿಜವಾದರೆ ಹೇಳಿಬಿಡಿ, ನಾನು ಅರ್ಜಿ ಬರೆಯುವುದನ್ನು ನಿಲ್ಲಿಸಿ ಅಮ್ಮನ ಜೊತೆ ಬಟ್ಟೆ ಒಗೆಯಲು ಹೋಗುತ್ತೇನೆ. ಬೇರೇನಾದರೂ ನಿಜವಾದರೆ ಅದನ್ನಾದರೂ ಹೇಳಿ. ಹೋದ ವಾರ ಮಧ್ಯಾಹ್ನ ಜ್ವರದಲ್ಲಿ ಅಪ್ಪ, "ಕೇಟೋ, ನಾನೇ ಕಣೋ" ಎಂದು ಮೂರು ಸಲ ಅಂದರು. ಅದು ಏನೆಂದು ನನಗೆ ತಿಳಿಯದು. ನಿಮಗೆ ತಿಳಿಯಬಹುದು.

ಮಿಂಟಾ ಡಾರ್ಡನ್


ಕಾನಾನ್ ಪೇಟೆ
೪ ಜೂನ್ ೧೮೮೮

ಮಗಳೇ ಮಿಂಟಾ,

ಇದನ್ನು ನಿಮ್ಮಪ್ಪನ ಎದುರು ಕೂತು ಗಟ್ಟಿಯಾಗಿ ಓದು. ಒಂದು ಸಾಲನ್ನೂ ಬಿಡಬೇಡ, ಅವನು ಬಿಡು ಅಂದರೂ ಬಿಡಬೇಡ.

ನಿಮ್ಮಪ್ಪನ ಕೈಗೆ ಗುಂಡು ಹೊಡೆದವನು ನಾನು.

ನಾನು ದಂಡಿನ ಅಂಚಿನಲ್ಲಿ ಕಾವಲಿದ್ದೆ. ಬೆಳಕು ಹರಿಯುತ್ತಿತ್ತು, ಹೊಳೆಯಿಂದ ಮಂಜು ಎದ್ದಿತ್ತು. ನಿಮ್ಮಪ್ಪ ನನ್ನನ್ನು ಬಿಡಿಸಿ ಕಾವಲಿಗೆ ನಿಲ್ಲಲು ಬರಬೇಕಿತ್ತು. ಮರಕ್ಕೆ ಒರಗಿದ್ದ ನನಗೆ ನಿದ್ದೆ ಬಂತು. ಹತ್ತಿರದಲ್ಲೇ ಎಲೆ ಸರಿದ ಸದ್ದಾಗಿ ಕಣ್ಣು ಬಿಟ್ಟರೆ ಎದುರಿಗೆ ಏನೋ ಆಕಾರ. ಯಾರು ಎಂದು ಕೂಗಬೇಕು, ಉತ್ತರ ಬಾರದಿದ್ದರೆ ಮಾತ್ರ ಹೊಡೆಯಬೇಕು. ಮೊದಲ ದಿನವೇ ಹೇಳಿಕೊಡುವ ಪಾಠ. ನಾನು ಕೂಗಲಿಲ್ಲ. ಹೊಡೆದೆ. ಕಾಫಿ ಪಾತ್ರೆ ಬಿದ್ದು ಉರುಳಿದ ಸದ್ದು ಕೇಳಿತು. ನನಗೆಂದು ಕಾಫಿ ತಂದಿದ್ದ, ಬಲಗೈಯಲ್ಲಿ. ಆಮೇಲೆ ಅವನ ದನಿ ಬಂತು, "ಕೇಟೋ, ನಾನೇ ಕಣೋ" ಅಂತ.

ಕಾವಲಿನಲ್ಲಿ ನಿದ್ದೆ ಹೋದವನನ್ನು ಕಂಬಕ್ಕೆ ಕಟ್ಟಿ ಗುಂಡಿಕ್ಕುತ್ತಿದ್ದ ಕಾಲ. ನಾನು ನಿಮ್ಮಪ್ಪನ ಕಾಲು ಹಿಡಿದುಕೊಂಡು ಅತ್ತೆ. ಅವನು ಹಲ್ಲು ಕಚ್ಚಿಕೊಂಡು, "ಸುಮ್ನಿರೋ, ನನ್ನ ಬಂದೂಕೇ ಹಾರಿಬಿಡ್ತು ಅಂತೀನಿ. ಅದರಲ್ಲೇನಿದೆ?" ಅಂದ. ನಮಗೆ ನಿಜವಾಗಿಯೂ ಅದರಲ್ಲೇನೂ ಇರಲಿಲ್ಲ. ಗುಲಾಮರಾಗಿದ್ದಾಗ ಯಜಮಾನನಿಗೆ ದಿನಕ್ಕೆ ಹತ್ತು ಸುಳ್ಳು ಹೇಳಿ ಬೆನ್ನು ಉಳಿಸಿಕೊಂಡು ಬೆಳೆದವರು ನಾವು. ಹೇಳಿದ್ದು ಸಂಜೆಗೆ ಮರೆತುಹೋಗುತ್ತಿತ್ತು. ಬಿಳಿಯನೊಬ್ಬ ನಮ್ಮ ಬಾಯಿಮಾತನ್ನು ಬರೆದುಕೊಂಡು, ನಮ್ಮ ಮಕ್ಕಳು ದೊಡ್ಡವರಾಗುವವರೆಗೆ ಇಟ್ಟುಕೊಂಡಿರುತ್ತಾನೆಂದು ಹೇಗೆ ಊಹಿಸುವುದು?

ಒಂಬತ್ತು ವರ್ಷ ನಾನು ಕಾಗದ ಬರೆಯದಿದ್ದಕ್ಕೆ ಇದೇ ಕಾರಣ. ಕಾನ್ಸಾಸಿಗೆ ಬಂದದ್ದಕ್ಕೂ ಅರ್ಧ ಇದೇ ಕಾರಣ. ಊರಲ್ಲಿ ಅವನ ಖಾಲಿ ತೋಳು ದಿನಾ ಕಣ್ಣಿಗೆ ಬೀಳುತ್ತಿತ್ತು.

ಹೂವಿಡುವ ದಿನ ಬಾವುಟ ಹಿಡಿದು ನಡೆದೆ. ಚಿಕ್ಕ ಹುಡುಗಿಯೊಬ್ಬಳು ಬಂದು, "ತಾತಾ, ಕೈ ಹೋದ ನಿಮ್ಮ ಗೆಳೆಯನ ಕಥೆ ಹೇಳಿ" ಅಂದಳು. ನಿನ್ನ ಕಾಗದ ಕೋಟಿನ ಜೇಬಿನಲ್ಲಿತ್ತು. ಬಾವುಟ ಪಕ್ಕದವನಿಗೆ ಕೊಟ್ಟು ಮನೆಗೆ ಬಂದು ಹೊಸ ಸಾಕ್ಷಿ ಬರೆದೆ. ಮೊದಲಿನದು ಸುಳ್ಳೆಂದೂ ಬರೆದೆ.

ಆದರೆ ರುಜು ಹಾಕುವವರು ಬೇಕಲ್ಲ. ಪಾದ್ರಿಗಳ ಬಳಿ ಹೋಗಿ, ಇದೊಂದನ್ನು ಓದದೆ ಹಾಕಿಕೊಡಿ ಎಂದು ಬೇಡಿಕೊಂಡೆ. ಅವರು, "ಆ ನಿಯಮ ಮಾಡಿಸಿದೋನು ನೀನೇ ಕೇಟೋ" ಅಂದರು. ನಿಜ, ನಾನೇ. ನಿನ್ನೆ ಭಾನುವಾರ ಅದೇ ಜಾಗದಲ್ಲಿ ನಿಂತು ಓದಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾದ್ರಿಗಳೂ ಶಾಲೆಯ ಉಪಾಧ್ಯಾಯಿನಿಯೂ ರುಜು ಹಾಕಿದರು. ಮುಂದಿನ ಬೆಂಚಿನ ನನ್ನ ಜಾಗ ಹೋಯಿತು. ಬೆಳಿಗ್ಗೆ ಅಂಗಡಿಗೆ ಹೋದರೆ ಒಬ್ಬ, "ಕೇಟೋ, ಬಾಗಿಲಿಗೆ ಬಂದೋರು ಕೂಗ್ತೀವಪ್ಪ, ಸ್ವಲ್ಪ ಕೇಳಿಸ್ಕೊಂಡು ಹೊಡಿ" ಅಂದ. ಎಲ್ಲರೂ ನಕ್ಕರು. ನಗುವ ಮಾತೇ ಅದು.

ಇನ್ನು ನೀನು ನಿಮ್ಮಪ್ಪನ ಬಲಗಡೆ ನಡೆ ಮಗಳೇ.

ಕೇಟೋ ರಾಂಡಲ್


ವಾರನ್ ಕೌಂಟಿ
೧೨ ನವೆಂಬರ್ ೧೮೮೮

ಕೇಟೋ ಮಾವನಿಗೆ ನಮಸ್ಕಾರಗಳು.

ಪಿಂಚಣಿ ಮಂಜೂರಾದ ಪತ್ರ ನಿನ್ನೆ ಕೈಸೇರಿತು. ಹಳೆಯ ಬಾಕಿಯೂ ಸೇರಿ ಬರುತ್ತದಂತೆ. ಅಮ್ಮ ಪತ್ರವನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಒಗೆಯಲು ತಂದಿದ್ದ ಬಟ್ಟೆಯ ಗಂಟನ್ನು ಹಾಗೆಯೇ ಯಜಮಾನಿಯ ಮನೆಗೆ ವಾಪಸು ಕಳಿಸಿದಳು. "ನಾಳೆಯಿಂದ ಅವರ ಲಂಗ ಅವರೇ ಒಗೆದ್ಕೊಳ್ಳಲಿ" ಅಂದಳು. ನಿಮ್ಮನ್ನು ಬಾಯಿತುಂಬ ಹರಸಿದ್ದಾಳೆ.

ಪತ್ರ ತರಲು ನಾನು ಪೇಟೆಗೆ ಅಪ್ಪನ ಬಲಗಡೆಯೇ ನಡೆದುಕೊಂಡು ಹೋದೆ. ಈ ಸಲ ಅವರು ಮುಂದೆ ಹೋಗಲಿಲ್ಲ.

ಒಂದು ಮಾತು ಹೇಳಬೇಕು. ಜೂನಿನಲ್ಲಿ ನಿಮ್ಮ ಕಾಗದ ಓದಿ ಹೇಳಿದಾಗ ಅಪ್ಪ, "ಇನ್ನೊಂದು ಸಲ ಓದು" ಅಂದರು. ಓದಿದೆ. "ಕೂಗಲಿಲ್ಲ ಅಂತಲೇ ಬರೆದಿದ್ದಾನಾ?" ಅಂತ ಕೇಳಿದರು. ಹೌದೆಂದೆ. ಎದ್ದು ಹೇಸರಗತ್ತೆಯ ಹತ್ತಿರ ಹೋದರು. ಅಂದಿನಿಂದ ನಿಮ್ಮ ಹೆಸರು ಎತ್ತಿಲ್ಲ. ನಿಮಗೆ ಉತ್ತರ ಬರೆಯೋಣ ಎಂದರೆ "ಪಿಂಚಣಿ ಪತ್ರ ಬರಲಿ ತಡಿ" ಅನ್ನುತ್ತಿದ್ದರು. ನಿನ್ನೆ ಪತ್ರ ಬಂದ ಮೇಲೆ ನನ್ನ ಸ್ಲೇಟು ಬಳಪ ಇಸಿದುಕೊಂಡು ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಒಳಗೆ ಯಾರನ್ನೂ ಬಿಡುತ್ತಿಲ್ಲ.

ಮಿಂಟಾ


ಡಿಸೆಂಬರ್ ೯

ಕೇಟೋ

ಇದು ನನ್ನ ಎಡಗೈ. ನಾಲ್ಕು ವಾರ ಸ್ಲೇಟಿನ ಮೇಲೆ ತಿದ್ದಿದೆ. ದಂಡಿನ ಶಾಲೆಯಲ್ಲಿ ನಾವು ಕಲಿತ ಅಕ್ಷರ ಮರೆತೇಹೋಯಿತು ಅಂದುಕೊಂಡಿದ್ದೆ, ಇನ್ನೂ ಇದೆ. ಮಿಂಟಾ ಕೈಯಲ್ಲಿ ಇದನ್ನು ಬರೆಸಲಾರೆ.

ನೀನು ಕೂಗಿದ್ದೆ.

ಎರಡು ಸಲ ಕೂಗಿದೆ. ಯಾರದು ಮಾತಾಡು, ನನಗೆ ಭಯ ಆಗ್ತಿದೆ ಅಂದೆ. ಕಾವಲಿನವನು ಭಯ ಅನ್ನಬಾರದು. ನನಗೆ ನಗು ಬಂತು. ನಿನ್ನನ್ನು ಬೆಚ್ಚಿಬೀಳಿಸಬೇಕೆಂದು ಬಗ್ಗಿ ಬಗ್ಗಿ ಬರುತ್ತಿದ್ದೆ. ಕೇಟೋನ ಕಿರುಚಿಸ್ತೀನಿ ನೋಡ್ತಿರಿ ಎಂದು ಗುಡಾರದಲ್ಲಿ ಹೇಳಿ ಬಂದಿದ್ದೆ. ಬಾಯಿ ಮುಚ್ಚಿ ನಗು ತಡೆದುಕೊಂಡು ಇನ್ನೊಂದು ಹೆಜ್ಜೆ ಇಟ್ಟೆ. ನೀನು ಹೊಡೆದೆ. ಸರಿಯಾಗಿಯೇ ಮಾಡಿದೆ.

ಆಮೇಲೆ ನೀನು ಕಾಲು ಹಿಡಿದು ಅತ್ತೆ. ನಿದ್ದೆಗಣ್ಣಲ್ಲಿ ಕೂಗಿದ್ದು ನಿನಗೆ ನೆನಪಿಲ್ಲ ಎಂದು ಆಗಲೇ ತಿಳಿಯಿತು. ಹೇಳಬೇಕಿತ್ತು. ಹುಡುಗಾಟಕ್ಕೆ ಕೈ ಕಳೆದುಕೊಂಡೆ ಅನ್ನಲು ನಾಚಿಕೆಯಾಯಿತು. ನೀನು ಕ್ಷಮಿಸು ಅಂದೆ. ಕ್ಷಮಿಸಿದೆ ಅಂದುಬಿಟ್ಟೆ. ಅಷ್ಟು ವರ್ಷ ಕ್ಷಮಿಸಿದವನ ಮುಖ ಹಾಕಿಕೊಂಡು ನಿನ್ನೆದುರು ಓಡಾಡಿದೆ. ಕೈ ಹೋದದ್ದಕ್ಕಿಂತ ಇದು ಹೇಸಿಗೆ.

ಜೂನಿನಲ್ಲಿ ನಿನ್ನ ಕಾಗದ ಕೇಳಿದೆ. ಆಗಲೂ ಹೇಳಬಹುದಿತ್ತು. ಹುಡುಗಾಟದಲ್ಲಿ ಆದ ಗಾಯಕ್ಕೆ ಪಿಂಚಣಿಯಿಲ್ಲ. ಕೆಜಾಯಾ ಕೈ ನೋಡಿದೆ. ಸುಮ್ಮನಾದೆ. ಪಿಂಚಣಿ ಪತ್ರ ಬರಲಿ ಎಂದು ಕಾದೆ. ನಿನ್ನ ಮುಂದಿನ ಬೆಂಚನ್ನು ಮಾರಿ ನನ್ನ ಮಕ್ಕಳಿಗೆ ರೊಟ್ಟಿ ತಂದೆ ಕೇಟೋ.

ಈ ಕಾಗದವನ್ನು ನಿಮ್ಮ ಸಭೆಯ ಮುಂದೆ ಓದು. ನಿನ್ನ ಹೆಸರು ನಿನಗೆ ಬರುತ್ತದೆ. ಅದು ವಾಷಿಂಗ್ಟನ್ನಿಗೆ ಮುಟ್ಟಿದರೆ ಪಿಂಚಣಿ ಹೋಗುತ್ತದೆ, ಹೋಗಲಿ ಎನ್ನುವ ಧೈರ್ಯ ನನಗಿಲ್ಲ. ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದೇನೆ.

ಐಶಮ್


ಕಾನಾನ್ ಪೇಟೆ
೧೪ ಜನವರಿ ೧೮೮೯

ಐಶಮ್,

ನಿನ್ನ ಕಾಗದ ಓದಿ ಮೂರು ದಿನ ಕುದಿದುಹೋದೆ. ಕೈಗೆ ಸಿಕ್ಕಿದ್ದರೆ ಉಳಿದ ಕೈಯನ್ನೂ ಮುರಿಯುತ್ತಿದ್ದೆ. ಇಪ್ಪತ್ತನಾಲ್ಕು ವರ್ಷ. ಊಟಕ್ಕೆ ಕೂತು ಕಾಫಿ ಪಾತ್ರೆ ನೋಡಿದರೆ ಎದ್ದುಹೋಗುತ್ತಿದ್ದೆನಲ್ಲೋ. ರೋಡಾ, "ಇವರಿಗೆ ಕಾಫಿ ಆಗಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಈಗ ನನ್ನ ಜಾಗ ಹಿಂದಿನ ಬೆಂಚು, ಬಾಗಿಲ ಪಕ್ಕ. ಭಾನುವಾರ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಹೋದೆ. ಓದುವುದೆಂದು ತೀರ್ಮಾನಿಸಿಯೇ ಹೋದದ್ದು. ಪ್ರಾರ್ಥನೆ ಮುಗಿಯಿತು, ಎದ್ದು ನಿಂತೆ. ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿನಲ್ಲಿ ನನ್ನ ಜಾಗದಲ್ಲಿ ಕೂತಿದ್ದವನೂ ತಿರುಗಿದ.

"ಏನು ಕೇಟೋ?" ಅಂದರು ಪಾದ್ರಿಗಳು.

ಜೇಬಿನಲ್ಲಿ ಕೈಯಿಟ್ಟರೆ ನಿನ್ನ ಕಾಗದದ ಪಕ್ಕದಲ್ಲೇ ಮಿಂಟಾ ಕಾಗದವೂ ಇತ್ತು. ಬಟ್ಟೆಗಂಟು ವಾಪಸು ಕಳಿಸಿದಳಲ್ಲ ನಿನ್ನ ಹೆಂಡತಿ, ಅದನ್ನು ಬರೆದಿದ್ದಳಲ್ಲ, ಅದು.

"ಏನಿಲ್ಲ, ಗಾಳಿ ಬರ್ತಿದೆ. ಬಾಗಿಲು ಹಾಕ್ತೀನಿ" ಅಂದೆ. ಬಾಗಿಲು ಹಾಕಿ ಕೂತೆ.

ಮನೆಗೆ ಬಂದು ಎಡಗೈ ಕಾಗದವನ್ನು ಒಲೆಗೆ ಹಾಕಿದೆ. ಉರಿದು ಬೂದಿಯಾಗುವವರೆಗೂ ಅಲ್ಲೇ ನಿಂತಿದ್ದೆ, ಇನ್ನು ಅದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿಡುವ ಹಾಗಿಲ್ಲ. ಸಮಾಧಾನಕ್ಕೆಂದು ನೀನು ಕಟ್ಟಿದ ಕಥೆಯೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ನನಗೆ ಭಯವಾಗಿತ್ತೆಂದು ನಾನು ಈವರೆಗೆ ರೋಡಾಳಿಗೂ ಹೇಳಿಲ್ಲ, ಸಾಕ್ಷಿಯಲ್ಲೂ ಬರೆದಿಲ್ಲ. ನಿನಗೆ ಅದು ಗೊತ್ತಾಗಬೇಕಾದರೆ ನಾನು ಕೂಗಿಯೇ ಇರಬೇಕು.

ಇಲ್ಲಿಯವರಿಗೆ ನಾನು ಕೂಗದೆ ಹೊಡೆದವನೇ. ಹಾಗೇ ಇರಲಿ. ಇವತ್ತು ಬೆಳಿಗ್ಗೆ ರೋಡಾಳ ಹತ್ತಿರ ಒಂದು ಲೋಟ ಕಾಫಿ ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಆಮೇಲೆ ಕೊಟ್ಟಳು. ಪೂರ್ತಿ ಕುಡಿದೆ.

ನಿನ್ನ ಅಕ್ಷರ ಬಹಳ ಕೆಟ್ಟದಾಗಿದೆ. ಆದರೂ ಇನ್ನು ಮಿಂಟಾ ಕೈಯಲ್ಲಿ ಬರೆಸಬೇಡ, ನೀನೇ ಬರೆ.

ನಿನ್ನ
ಕೇಟೋ